ಇಪ್ಪತ್ನಾಲ್ಕನೇ ಪ್ರಯೋಗದ ಫರಸಿ

ಭೀಮಶ್ಯಾನ ಮಾತು ನಂಬುವುದಾದರೆ, ಇಬ್ಬರೇ ಆಡುವ ನಾಟಕ ಯಾರು ಬೇಕಾದರೂ ಆಡಬಹುದು, ಖರೇ ಭಾರ ಹೊತ್ತು ಆಡುವ ನಾಟಕ ಮಾತ್ರ ಅವನದೊಂದೇ. ನಾಟಕ ಬರೆದವಳು ವಾಡಿಯ ಹೈಸ್ಕೂಲ್ ಟೀಚರ್ ಯಶೋಧರಾ. ಅದರಲ್ಲಿ ಮಗಳ ಪಾತ್ರ ಮಾಡುವವಳೂ ಅವಳೇ. ಆದರೂ ಭೀಮಶ್ಯಾ ಹೋದಲ್ಲೆಲ್ಲ ‘ನನ್ನ ನಾಟಕ’ ಅನ್ನುತ್ತಿದ್ದ, ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಮೂವತ್ತೊಂದು ವರ್ಷ ಶಹಾಬಾದಿನ ಖಣಿಯಲ್ಲಿ ಕಲ್ಲು ಎಬ್ಬಿಸಿ, ಐವತ್ತೆಂಟರ ವಯಸ್ಸಿಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಚಪ್ಪಾಳೆ ಕಂಡ ಮನುಷ್ಯ. ಅಷ್ಟು ಜಂಬ ಇರಲಿ ಬಿಡಿ.

ನಾಟಕದ ಹೆಸರು ‘ಅಡಗಿಮನಿ ಕಲ್ಲು’. ಹೊಸದಾಗಿ ಮಂಜೂರಾದ ಮನೆಯ ಅಡುಗೆಮನೆಗೆ ಅಪ್ಪ ಮಗಳು ಒಂದು ಫರಸಿ ಹೊತ್ತುಕೊಂಡು ಹೋಗುತ್ತಾರೆ. ಫರಸಿ ಅಂದರೆ ಈ ಕಡೆಯ ಎಲ್ಲ ಮನೆಗಳ ನೆಲಕ್ಕೂ ಹಾಸುವ ಶಹಾಬಾದ್ ಕಲ್ಲು. ದಾರಿಯುದ್ದಕ್ಕೂ ಜಗಳ. ಮಗಳಿಗೆ ಮುಂದೆ ಓದಬೇಕು, ಅಪ್ಪನಿಗೆ ಅವಳ ಮದುವೆ ಮುಗಿಸಬೇಕು. ಒಂದು ಗಂಟೆಯಲ್ಲಿ ಮೂರು ಸಲ ಕಲ್ಲು ಎತ್ತುತ್ತಾರೆ. ಮೂರನೆಯದೇ ಕಠಿಣ: ಏಳು ನಿಮಿಷ ಕೆಳಗಿಡದೆ ರಂಗದ ಸುತ್ತ ನಡೆಯಬೇಕು, ನಡೆಯುತ್ತಲೇ ಜಗಳಾಡಬೇಕು. ಮಗಳದು ಹಿಮ್ಮುಖ ನಡಿಗೆ, ಹೆಜ್ಜೆ ಹಿಂದಕ್ಕೆ. ಅಪ್ಪ ಅವಳ ಎದುರಿಗೆ, ದಾರಿ ನೋಡುತ್ತ.

ಥರ್ಮಾಕೋಲಿನ ಕಲ್ಲು ಮಾಡಿಸೋಣ ಎಂದು ಯಶೋಧರಾ ಮೊದಲೇ ಹೇಳಿದ್ದಳು. ಭೀಮಶ್ಯಾ ಒಪ್ಪಲಿಲ್ಲ.

“ಶಹಾಬಾದ ಮಂದಿ ಮುಂದ ಥರ್ಮಾಕೋಲ್ ಹೊತ್ತರ ಮಾರಿ ಮ್ಯಾಲ ನಗ್ತಾರವ್ವ. ಭಾರ ಅನ್ನೋದು ಕಾಲಾಗ ಕಾಣ್ತದ, ಮಾತಿನಾಗ ಅಲ್ಲ,” ಅಂದ.

ಹೀಗಾಗಿ ಪ್ರಯೋಗ ಇರುವ ಊರಲ್ಲೇ ಒಂದು ಫರಸಿ ಕೇಳಿ ತರುವುದು ರೂಢಿಯಾಯಿತು. ಆರಿಸಿ ತರುವ ಕೆಲಸ ಯಶೋಧರಾಳದು. ಅಳತೆ ಭೀಮಶ್ಯಾನದು: ಮೂರಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪ.

ತಾಲೀಮಿನ ಮೊದಲ ದಿನ ಅವನು ಅವಳಿಗೆ ಎರಡು ವಿಷಯ ಕಲಿಸಿದ. ಕಲ್ಲು ಎತ್ತುವ ಮೊದಲು ಅಂಗೈ ತೋರಿಸಬೇಕು. ಬೆವರಿದ್ದರೆ ಕಲ್ಲಿನ ಪುಡಿ ತಿಕ್ಕಬೇಕು. ಪ್ರತಿ ಪ್ರಯೋಗಕ್ಕೂ ಮುಂಚೆ “ಕೈ ತೋರಸು” ಎಂದು ಅವಳ ಅಂಗೈ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಇನ್ನೊಂದು, ಖಣಿಯ ಕೂಗು. ಜೋಡಿಯಾಗಿ ಕಲ್ಲು ಹೊರುವಾಗ ಒಬ್ಬನ ಕೈ ಸೋತರೆ ‘ಭೂಮಿ’ ಅನ್ನುತ್ತಾನೆ. ಕೇಳಿದವನು ಯಾಕೆ ಅನ್ನಬಾರದು. ಮೊದಲು ಕಲ್ಲು ನೆಲ ಮುಟ್ಟಬೇಕು, ಮಾತೇನಿದ್ದರೂ ಆಮೇಲೆ.

“ಕೂಗದ ಬಿಟ್ಟವನಿಗಿ ಏನೂ ಆಗಂಗಿಲ್ಲ ನೋಡು,” ಎಂದು ತನ್ನ ಎಡಗಾಲು ಮುಂದೆ ಚಾಚಿದ. “ಬಿಡ್ತೀನಿ ಅನ್ನೋದು ಅವನಿಗಿ ಮೊದಲೇ ಗೊತ್ತಿರ್ತದ, ಹಾರಿ ಹಿಂದ ಸರೀತಾನ. ಜಜ್ಜೋದು ಗೊತ್ತಿಲ್ಲದವನ ಕಾಲು.”

ಆ ಕಾಲಿನ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರೇ ಇರಲಿಲ್ಲ. ಅವನ ಜೋಡಿಯಾಗಿದ್ದ ರೇವಣಸಿದ್ದ ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬಂದು, ಕೂಗದೆ ಕೈಬಿಟ್ಟಿದ್ದ. ಇಪ್ಪತ್ತು ವರ್ಷವಾದರೂ ಭೀಮಶ್ಯಾ ಅವನ ಜೊತೆ ಒಂದು ಕಪ್ ಚಹಾ ಕುಡಿದಿರಲಿಲ್ಲ.

ಮೊದಲ ಪ್ರಯೋಗ ಶಹಾಬಾದಿನಲ್ಲಾಯಿತು. ಖಣಿಯ ಮಂದಿ ನಾಟಕ ಬಿಟ್ಟು ಇವನು ಕಲ್ಲು ಹಿಡಿದದ್ದನ್ನೇ ನೋಡಿದರು. ಒಬ್ಬ ಕುಂತಲ್ಲಿಂದಲೇ “ಎಡಕ್ಕ ವಾಲ್ಯದ ನೋಡೋ” ಎಂದು ತಿದ್ದಿದ. ಸೇಡಂನಲ್ಲಿ ಕಲ್ಯಾಣಮಂಟಪದ ಊಟದ ಟೇಬಲ್ಲು ಸರಿಸಿ ಆಡಿದರು. ಅದರ ಪಕ್ಕದ ಮುಧೋಳದಲ್ಲಿ ಶಾಲೆಯ ಅಂಗಳ. ಚಿತ್ತಾಪುರದಲ್ಲಿ ಕರೆಂಟು ಹೋಗಿ, ಮೂರು ಮೋಟರ್‌ಸೈಕಲ್ಲಿನ ಬೆಳಕಿನಲ್ಲಿ ಕೊನೆಯ ಜಗಳ ಮುಗಿಸಿದರು. ತೆಲಂಗಾಣದ ಗಡಿಯ ಕುಂಚಾವರಂನಲ್ಲಿ ಯಶೋಧರಾ ಅರ್ಧ ಮಾತು ತೆಲುಗಿನಲ್ಲಿ ಆಡಿದಳು. ಭೀಮಶ್ಯಾ ಕನ್ನಡದಲ್ಲೇ ಬೈದ. ಅಪ್ಪ ಮಗಳ ಜಗಳ ಯಾರಿಗೆ ತಿಳಿಯುವುದಿಲ್ಲ? ಮಂದಿ ಅತ್ತರು, ನಕ್ಕರು.

ಹದಿನೇಳನೆಯದು ವಾಡಿಯಲ್ಲಿ. ಬಣ್ಣ ಹಚ್ಚುವ ಮೊದಲು ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಭೀಮಶ್ಯಾನ ಬಲಗೈಯಿಂದ ಗ್ಲಾಸು ಜಾರಿತು. ಬೆರಳು ಜೋಮು ಹಿಡಿದಿದ್ದವು. ಗ್ಲಾಸು ಹೋಯಿತೆಂದು ಅವನಿಗೆ ತಿಳಿದದ್ದು ಒಡೆದ ಸಪ್ಪಳದಿಂದ.

“ಗಿಲಾಸಿಗಿ ಎಣ್ಣಿ ಹತ್ಯದ,” ಎಂದು ತಪ್ಪನ್ನು ಚಹಾದವನ ಮೇಲೆ ಹಾಕಿದ.

ಮರುವಾರ ಡಾಕ್ಟರು ನೋಡಿದರು. ವರ್ಷಗಟ್ಟಲೆ ಕೊರೆಯುವ ಮಷೀನು ಹಿಡಿದು ಬೆರಳಿನ ನರ ಸತ್ತಿವೆ, ತಿರುಗಿ ಬರುವುದಿಲ್ಲ, ಭಾರ ಎತ್ತಬೇಡ ಅಂದರು. ಭೀಮಶ್ಯಾ ಚೀಟಿ ಮಡಚಿ ಟ್ರಂಕಿನ ತಳಕ್ಕೆ ಹಾಕಿದ. ಹೆಂಡತಿ ಶಿವಕಾಂತಮ್ಮನಿಗೂ ಹೇಳಲಿಲ್ಲ. ಹೇಳಿದರೆ ನಾಟಕ ನಿಲ್ಲುತ್ತದೆ, ಇಲ್ಲವೇ ಇನ್ನಾವನೋ ಬಂದು ಅಪ್ಪನಾಗುತ್ತಾನೆ. ಖಣಿ ಬಿಟ್ಟ ಮೇಲೆ ಓಣಿಯಲ್ಲಿ ಅವನು ಬರೀ ಒಬ್ಬ ಮುದುಕ. ನಾಟಕದಲ್ಲಿ ಮಾತ್ರ ಭೀಮಶ್ಯಾ. ಅದು ಕೈಬಿಟ್ಟು ಹೋಗುತ್ತದೆಂಬ ಭಯಕ್ಕೆ ಅವನಿಗೆ ಊಟ ಸೇರುತ್ತಿರಲಿಲ್ಲ.

ವಾಡಿಯ ನಂತರ ಇನ್ನೊಂದು ಬದಲಾವಣೆ ಆಯಿತು. ಕಲ್ಲು ಸಣ್ಣದಾಗುತ್ತ ಬಂತು. ಹದಿನೆಂಟನೆಯದಕ್ಕೆ ಎರಡೂವರೆ ಅಡಿ, ಇಪ್ಪತ್ತನೆಯದಕ್ಕೆ ಎರಡಡಿ. “ಮೂರಡಿದು ಸಿಗಲಿಲ್ಲ ಕಾಕಾ,” ಅಂದಳು ಯಶೋಧರಾ. ಈ ಕಡೆ ಫರಸಿ ಸಿಗಲಿಲ್ಲ ಅಂದರೆ ಹೊಳೆಯಲ್ಲಿ ನೀರು ಸಿಗಲಿಲ್ಲ ಅಂದಂತೆ. ಭೀಮಶ್ಯಾ ಒಳಗೊಳಗೇ ಲೆಕ್ಕ ಹಾಕಿದ: ಹುಡುಗಿಗೆ ಭಾರ ತಡೆಯುತ್ತಿಲ್ಲ, ಹೇಳಿಕೊಳ್ಳಲು ನಾಚಿಕೆ. ಅಂದಿನಿಂದ ಯಾವ ಊರಿಗೆ ಹೋದರೂ ನಾಲ್ಕು ಮಂದಿಯ ಮುಂದೆ ಅವಳನ್ನು ಕಾಡಿಸತೊಡಗಿದ.

“ಚಾಕ್‌ಪೀಸ್ ಹಿಡಿಯೋ ಕೈ ನೋಡ್ರಿ, ಸೋತಾವ. ಇನ್ನ ಟೀಚರಮ್ಮಗ ಬುತ್ತಿ ಡಬ್ಬಿ ಹೊರಸೋದೇ ಬಾಕಿ.”

ಮಂದಿ ನಗುತ್ತಿದ್ದರು. ಅವಳೂ ಸ್ವಲ್ಪ ನಗುತ್ತಿದ್ದಳು. ಅವಳ ಸೋಲಿನ ಮರೆಯಲ್ಲಿ ತನ್ನದು ಮುಚ್ಚಿಹೋಗುತ್ತಿದೆಯೆಂದು ಅವನಿಗೆ ಸಮಾಧಾನವಾಗಿತ್ತು.

ಇಪ್ಪತ್ನಾಲ್ಕನೇ ಪ್ರಯೋಗ ಹೋದ ಜನವರಿಯಲ್ಲಿ, ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ. ಏರ್ಪಡಿಸಿದವರು ಗೋಪಾಲ ಸರ್ ಎಂಬ ನಿವೃತ್ತ ಮಾಸ್ತರು. ಅವರು ಕಲ್ಲಿನ ಅಳತೆ ಕೇಳಿ ಭೀಮಶ್ಯಾನಿಗೇ ಫೋನ್ ಮಾಡಿದ್ದರು. ಕೇಳಿದವರ ಮುಂದೆ ಕಡಿಮೆ ಹೇಳುವ ಜಾಯಮಾನ ಅವನದಲ್ಲ. “ಮೂರು ಬೈ ಎರಡುರಿ, ಮತ್ತೇನು,” ಅಂದುಬಿಟ್ಟಿದ್ದ. ಯಶೋಧರಾ ಹೇಗೂ ಸಣ್ಣದು ಹುಡುಕುತ್ತಾಳೆಂಬ ಧೈರ್ಯ.

ಹೋಗಿ ನೋಡಿದರೆ ಮೂರಡಿಯ ಹೊಸ ಫರಸಿ ಗೋಡೆಗೆ ಒರಗಿ ನಿಂತಿತ್ತು, ಒಂದೂವರೆ ಇಂಚು ದಪ್ಪ. “ನಿಮ್ಮ ಗೌರವಕ್ಕಂತನೇ ತರಿಸೀವ್ರಿ,” ಅಂದರು ಗೋಪಾಲ ಸರ್.

ಯಶೋಧರಾ ಕಲ್ಲು ಮುಟ್ಟಿ ನೋಡಿದಳು. “ಇದು ಭಾಳ ಭಾರ ಅದರಿ. ಬಾಜಾರಕ್ಕ ಹೋಗಿ ಬ್ಯಾರೆ ತರ್ತೀನಿ.”

“ಯಾಕವ್ವ, ಆಗಲ್ಲೇನು?” ಅಂದ ಭೀಮಶ್ಯಾ, ಎಲ್ಲರಿಗೂ ಕೇಳುವಂತೆ. “ಭಾರ ನಾ ಹೊರ್ತೀನಿ, ನೀ ಸುಮ್ನ ಹಿಡದಂಗ ಮಾಡು.”

ಅವಳು ಅವನ ಮುಖ ನೋಡಿದಳು, ಆಮೇಲೆ ಅವನ ಕೈ ನೋಡಿದಳು. ಅವನು ಕೇಳಿದಾಗ ಎಂದಿನಂತೆ ಅಂಗೈ ತೋರಿಸಿ, ಪುಡಿ ತಿಕ್ಕಿಸಿಕೊಂಡಳು.

ಮೊದಲ ಎರಡು ಸಲ ಹೇಗೋ ಸಾಗಿತು. ಮೂರನೆಯದರಲ್ಲಿ ನಾಲ್ಕು ನಿಮಿಷವಾಗುವಷ್ಟರಲ್ಲಿ ಅವನ ಬಲಗೈ ಬೆರಳುಗಳು ಒಂದೊಂದಾಗಿ ಇಲ್ಲವಾದವು. ಕಣ್ಣಿಗೆ ಕಾಣುತ್ತಿದ್ದವು, ಕಲ್ಲಿನ ಕೆಳಗೇ ಇದ್ದವು, ಅವನವಾಗಿ ಉಳಿದಿರಲಿಲ್ಲ.

“ಅಪ್ಪಾ, ನನ್ನ ಹಿಂದ ಏನದ?” ಎಂದು ಯಶೋಧರಾ ನಾಟಕದ ಮಾತು ಆಡಿದಳು.

“ದಾರಿ ಅದ, ನಡಿ,” ಎಂದ.

ಅವಳ ಬರಿಗಾಲು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದವು. ಇನ್ನು ಮೂರು ನಿಮಿಷ, ತಡೆದೇನು ಎಂದುಕೊಂಡ. ಆಗಲೇ ಅವನ ಎಡಗಾಲು, ಆ ಜಜ್ಜಿದ ಕಾಲು, ಅವನನ್ನು ಕೇಳದೆ ಅರ್ಧ ಹೆಜ್ಜೆ ಹಿಂದೆ ಸರಿಯಿತು. ಹಾರುವುದಕ್ಕೆ ತಯಾರಾಗಿತ್ತು. ಭೀಮಶ್ಯಾ ಅದನ್ನು ಕಂಡ. ರೇವಣಸಿದ್ದನ ಕಾಲೂ ಅವತ್ತು ಹೀಗೇ ಸರಿದಿತ್ತು.

“ಭೂಮಿ,” ಅಂದ.

ಅವಳು ಯಾಕೆ ಅನ್ನಲಿಲ್ಲ. ಅವನ ಮಾತು ಮುಗಿಯುವ ಮೊದಲೇ ಮೊಣಕಾಲು ಮಡಚಿದ್ದಳು. ಕಲ್ಲು ನೆಲ ಮುಟ್ಟಿತು.

“ದಣದೇನಪ್ಪ?” ಎಂದಳು. ಆ ಮಾತು ನಾಟಕದಲ್ಲಿ ಇರಲಿಲ್ಲ.

“ಹೌದವ್ವ, ದಣದೆ.”

ಇಬ್ಬರೂ ಅದೇ ಕಲ್ಲಿನ ಮೇಲೆ ಕುಳಿತು ಉಳಿದ ಜಗಳ ಮುಗಿಸಿದರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಪಕ್ಕದ ಕೋಣೆಯಲ್ಲಿ ನೀರು ಕುಡಿಯುವಾಗ ಭೀಮಶ್ಯಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. “ನನ್ನ ಕೈ ಹೋಗ್ಯಾವ ಯಶೋಧವ್ವ,” ಅಂದ.

“ಗೊತ್ತದ ಕಾಕಾ. ವಾಡಿಲಿಂದ ಗೊತ್ತದ. ಆ ಗಿಲಾಸಿಗಿ ಎಣ್ಣಿ ಇರಲಿಲ್ಲ, ನನ್ನ ಚಹಾನೂ ಅಂಥಾ ಗಿಲಾಸಿನಾಗೇ ಇತ್ತು.”

ಅವನು ಲೋಟ ಕೆಳಗಿಟ್ಟ. “ಮತ್ತ ಕಲ್ಲು ಸಣ್ಣಾಗಿದ್ದು?”

“ನಿಮ್ಮ ಸಲುವಾಗಿ.”

“ನಾ ಮಂದಿ ಮುಂದ ನಿನಗ ಎಷ್ಟು ಅಂದೆ.”

“ಅಂದ್ರಿ. ಸಿಟ್ಟು ಬಂದಿತ್ತು,” ಎಂದಳು. ಅವಳ ಕಣ್ಣು ತುಂಬಿತ್ತು. “ನಾಳಿ ಹೇಳ್ತಾರ, ನಾಡದ್ದ ಹೇಳ್ತಾರ ಅಂತ ಕಾದೆ. ದೊಡ್ಡವರಿಗಿ ಕೈ ತೋರಸ್ರಿ ಅಂತ ಹ್ಯಾಂಗ ಕೇಳಲಿ?”

“ಮತ್ತ ಇವತ್ತ ಯಾಕ ಹೊತ್ತಿ?”

“ಕೂಗ್ತೀರಿ ಅಂತ ನಂಬಿದ್ದೆ.”

ರೇವಣಸಿದ್ದನನ್ನು ಇಪ್ಪತ್ತು ವರ್ಷ ಬೈದ ಬಾಯಿ ಭೀಮಶ್ಯಾನದು. ಅವನು ತನ್ನ ಎಡಗಾಲಿನ ಚಪ್ಪಟೆ ಬೆರಳು ನೋಡಿಕೊಂಡ.

ನಾಟಕದ ನಂತರ ಸಂವಾದ ಇತ್ತು. ಗೋಪಾಲ ಸರ್ ಮೈಕ್ ಹಿಡಿದು, ನಡುವೆ ಕಲ್ಲು ಕೆಳಗಿಟ್ಟದ್ದು ಎಂಥ ಕಲ್ಪನೆ, ಅಪ್ಪ ಸೋತೆ ಅಂತ ಮೊದಲ ಸಲ ಒಪ್ಪಿಕೊಳ್ಳುವ ಗಳಿಗೆ, ಇದು ಯಾರಿಗೆ ಹೊಳೆಯಿತು ಎಂದು ಕೇಳಿದರು.

“ಕಾಕಾಗ,” ಎಂದಳು ಯಶೋಧರಾ. ಮುಂದಿನ ಸಾಲಿನವರು ತಲೆದೂಗಿದರು. ಸುಮ್ಮನೆ ಕೈಮುಗಿದು ಕುಳಿತರೆ ಮುಗಿದುಹೋಗುತ್ತಿತ್ತು.

ಭೀಮಶ್ಯಾ ಎದ್ದು ನಿಂತ. ಮೈಕು ಮುಟ್ಟಲಿಲ್ಲ.

“ಅದು ನಾಟಕ ಅಲ್ಲರಿ. ನನ್ನ ಬೆರಳು ಸತ್ತಾವ, ವರ್ಷಾಯ್ತು. ಮುಚ್ಚಿಟ್ಟಿದ್ದೆ. ಈಕಿ ತಿಳಕೊಂಡು, ನನ್ನ ಮಾನ ಕಾಯಲಿಕ್ಕ ಕಲ್ಲು ಸಣ್ಣ ಮಾಡಿದಳು. ನಾ ಊರೂರಿಗಿ ಈಕಿ ಕೈ ಸೋತಾವ ಅಂತ ಹೇಳಿ ನಗಸೀನಿ. ನಿಮ್ಮ ಮುಂದನೂ ಇವತ್ತ ಅಂದೀನಿ. ಸೋತಿದ್ದು ನನ್ನ ಕೈರಿ.”

ಇಷ್ಟು ಹೇಳಿ ಕುಳಿತ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇಪ್ಪತ್ತೈದನೆಯದು ಮಾರ್ಚಿನಲ್ಲಿ, ಮತ್ತೆ ಚಿತ್ತಾಪುರದಲ್ಲಿ. ಬೇರೆಯವರನ್ನು ನೋಡಿಕೋ ಎಂದು ಭೀಮಶ್ಯಾನೇ ಹೇಳಿದ್ದ. ಯಶೋಧರಾ ಕೇಳಲಿಲ್ಲ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಕಲ್ಲು ತಂದಳು. ನಾಟಕದ ಪ್ರತಿಯಲ್ಲಿ, ಮೂರನೇ ಸಲ ಕಲ್ಲು ಎತ್ತುವ ಹಾಳೆಯ ಮೇಲೆ ‘ಭೂಮಿ’ ಎಂದು ಬರೆದು, ಪಕ್ಕದಲ್ಲಿ ‘ಕಾಕಾಗೆ ಅನಿಸಿದಾಗ’ ಎಂದು ಸೇರಿಸಿದಳು.

ಪರದೆಯ ಹಿಂದೆ ಭೀಮಶ್ಯಾ ಎಂದಿನಂತೆ ಅವಳ ಅಂಗೈ ನೋಡಿ, ಪುಡಿ ತಿಕ್ಕಿದ. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

“ಈಗ ನಿಮ್ಮ ಕೈ ತೋರಸ್ರಿ ಕಾಕಾ.”

ಅವನು ಎಡಗೈ ಚಾಚಿದ. ಅವಳು ಕಾದಳು. ಸ್ವಲ್ಪ ಹೊತ್ತಿಗೆ ಅವನು ಬಲಗೈ ಚಾಚಿದ. ಅವಳು ಒಂದೊಂದೇ ಬೆರಳು ಹಿಡಿದು ಪುಡಿ ತಿಕ್ಕಿದಳು.

“ನೀ ಮುಟ್ಟಿದ್ದು ನನಗ ತಿಳೀವಲ್ದವ್ವ,” ಅಂದ.

“ನನಗ ತಿಳೀತದ,” ಎಂದು ಅವಳು ಮುಂದಿನ ಬೆರಳು ಹಿಡಿದಳು.