ಒಂದು ತಪ್ಪಿಗೆ ಇಬ್ಬರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಲಿನವನಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ನನ್ನ ಬಾಯಿಗೆ ಸಿಗದವರಿಲ್ಲ. ಆದರೆ ತಮ್ಮನ ವಿಷಯ ಬಂದರೆ ಆ ಕೋಪ ಎಲ್ಲಿ ಹೋಗಿ ಅಡಗಿಕೊಳ್ಳುತ್ತದೋ ದೇವರೇ ಬಲ್ಲ. ಅವನಿಗೀಗ ತಲೆ ನೆರೆತಿದೆ, ಇಬ್ಬರು ಮಕ್ಕಳಿದ್ದಾರೆ, ಬೀದಿಯ ಮೂಲೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯಿದೆ. ನನ್ನ ಕಣ್ಣಿಗೆ ಮಾತ್ರ ಅವನು ಇನ್ನೂ ನನ್ನ ಬೆನ್ನ ಹಿಂದೆ ಅವಿತು ನಿಂತ ಪೋರನೇ.

ನಮ್ಮಪ್ಪ ಕೈಗಿಂತ ಗಂಟಲಿನಿಂದ ಹೊಡೆಯುವ ಮನುಷ್ಯ. ಮನೆಯಲ್ಲಿ ಏನಾದರೂ ಒಡೆದರೆ, ಕಳೆದರೆ, ನಡುಮನೆಯಲ್ಲಿ ನಿಂತು "ಯಾರದು ಈ ಕೆಲಸ?" ಅಂತ ಒಂದು ಸಲ ಗುಡುಗುತ್ತಿದ್ದರು. ತಮ್ಮ ನನ್ನ ಮುಖ ನೋಡುತ್ತಿದ್ದ. ನಾನು "ನಾನೇ" ಅನ್ನುತ್ತಿದ್ದೆ. ಅವನು ಗೋಡೆ ಗಡಿಯಾರ ಬೀಳಿಸಿದಾಗ ನಾನೇ, ಅಪ್ಪನ ಕನ್ನಡಕದ ಮೇಲೆ ಕೂತಾಗ ನಾನೇ. ನೆಂಟರೆಲ್ಲ ನನ್ನ ಗಲ್ಲ ಹಿಡಿದು, ಇವಳು ಅಕ್ಕ ಅಲ್ಲ, ಎರಡನೇ ತಾಯಿ ಅನ್ನುತ್ತಿದ್ದರು. ಆ ಮಾತನ್ನು ನಾನು ಇಷ್ಟು ವರ್ಷ ಒಡವೆಯ ಹಾಗೆ ಹಾಕಿಕೊಂಡು ಓಡಾಡಿದ್ದೇನೆ. ತಮ್ಮನ ಮಕ್ಕಳಿಗೆ ತುತ್ತು ಇಡುವಾಗ ಹೇಳುತ್ತಿದ್ದ ಕಥೆಗಳೂ ಇವೇ. ರಾಜಕುಮಾರಿ, ರಾಕ್ಷಸ ಯಾರೂ ಇಲ್ಲ, ಬರೀ ನಾನು, ನನ್ನ ತಮ್ಮ, ಒಡೆದ ಗಡಿಯಾರ.

ಮಕ್ಕಳಲ್ಲಿ ದೊಡ್ಡವಳಿಗೆ ಹತ್ತು ವರ್ಷ. ನಡೆ ನುಡಿಯೆಲ್ಲ ದೊಡ್ಡವರ ಥರ, ಅದಕ್ಕೆ ಮನೆಯಲ್ಲಿ ಅವಳನ್ನು ಪುಟ್ಟಜ್ಜಿ ಅಂತಲೇ ಕರೆಯುವುದು. ಸಣ್ಣವನು ಗುಂಡ, ಇನ್ನೂ ಆರು ದಾಟಿಲ್ಲ. ಅವರ ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಶಾಲೆ ಬಿಟ್ಟ ಮೇಲೆ ಇಬ್ಬರೂ ಅಂಗಡಿಗೇ ಬರುತ್ತಾರೆ. ನಾನೂ ಸಂಜೆ ಅಲ್ಲಿಗೆ ಹೋಗಿ ಕಟ್ಟಿನ ಹಿಂಬದಿಗೆ ಕಂದು ಕಾಗದ ಅಂಟಿಸಿಕೊಡುತ್ತೇನೆ. ಗಂಡ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಕೂತು ಗೋಡೆಯ ಜೊತೆ ಜಗಳ ಆಡುವುದಕ್ಕಿಂತ ಇದು ವಾಸಿ.

ಮೊನ್ನೆ ಆಸ್ಪತ್ರೆಯ ನರ್ಸಮ್ಮ ಒಬ್ಬರು ಹಳೆಯ ಕಟ್ಟೊಂದನ್ನು ತಂದುಕೊಟ್ಟಿದ್ದರು. ಅವರ ತಾಯಿಯ ಫೋಟೊ. ಮರಕ್ಕೆ ಹುಳ ಹಿಡಿದಿತ್ತು, ಬೇರೆ ಕಟ್ಟು ಹಾಕಿಕೊಡಿ ಅಂದಿದ್ದರು. ಅಂಥ ಹಳೆಯ ಫೋಟೊ ತೇವಕ್ಕೆ ಗಾಜಿಗೆ ಅಂಟಿಕೊಂಡಿರುತ್ತದೆ. ಎಳೆಯಬಾರದು, ಗಾಜಿನ ಸಮೇತ ಹೊಸ ಕಟ್ಟಿನಲ್ಲಿ ಕೂರಿಸಬೇಕು. ಈ ಪಾಠವನ್ನು ನನಗೂ ಮಕ್ಕಳಿಗೂ ಹೇಳಿಕೊಟ್ಟವನು ನನ್ನ ತಮ್ಮನೇ. ಆದರೆ ಅವತ್ತು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರಿಗೋ ಮರದ ಪಟ್ಟಿಯ ಅಳತೆ ಹೇಳುತ್ತ, ಫೋಟೊದ ಮೂಲೆ ಹಿಡಿದು ಸರಕ್ಕನೆ ಎಳೆದುಬಿಟ್ಟ. ಸೀರೆ, ಕೈ, ಕುರ್ಚಿ ಎಲ್ಲ ಕಾಗದದಲ್ಲಿ ಉಳಿದವು. ಮುಖ ಮಾತ್ರ ಗಾಜಿನಲ್ಲೇ ಉಳಿಯಿತು.

ಅವನು ಫೋನ್ ಇಟ್ಟ. ಫೋಟೊವನ್ನು ಮೆಲ್ಲಗೆ ಬೋರಲು ಹಾಕಿದ. ಟೀ ಕುಡಿದು ಬರ್ತೀನಿ ಅಂತ ಹೊರಟೇಹೋದ. ಮಕ್ಕಳು ಮೂಲೆಯಲ್ಲಿ ಶಾಲೆಯ ಪಾಠ ಬರೆಯುತ್ತಿದ್ದರು, ನನ್ನ ಕೈಯಲ್ಲಿ ಗೋಂದಿನ ಬ್ರಶ್ ಇತ್ತು. ನಾನು ಕಂಡೂ ಕಾಣದ ಹಾಗೆ ಕಾಗದಕ್ಕೆ ಗೋಂದು ಹಚ್ಚುತ್ತ ಕೂತೆ.

ಟೀ ಕುಡಿದು ಬಂದವನು ಫೋಟೊ ತಿರುಗಿಸಿ ನೋಡಿದ. ಆಗಷ್ಟೇ ಕಂಡವನ ಹಾಗೆ ಹುಬ್ಬು ಗಂಟು ಹಾಕಿದ.

"ಯಾರು ಇದನ್ನ ಎಳೆದಿದ್ದು?"

ಥೇಟ್ ಅಪ್ಪನ ಗಂಟಲು. ಗುಂಡ ಬರೆಯುತ್ತಿದ್ದ ಪೆನ್ಸಿಲ್ ನಿಲ್ಲಿಸಿ ಅಕ್ಕನ ಮುಖ ನೋಡಿದ. ಚಾಡಿ ಹೇಳುವ ನೋಟ ಅಲ್ಲ ಅದು, ಪಾಪ. ಬಾಗಿಲು ಬಡಿದರೆ ಬಾಗಿಲ ಕಡೆ ನೋಡುತ್ತೇವಲ್ಲ, ಅಷ್ಟೇ. ಪುಟ್ಟಜ್ಜಿ ಎದ್ದು ನಿಂತಳು.

"ನಾನೇ ಅಪ್ಪ."

"ಎಷ್ಟು ಸಲ ಹೇಳಿದೀನಿ, ಹಳೇ ಫೋಟೊ ಮುಟ್ಟಬೇಡ ಅಂತ?" ಅಂದ ತಮ್ಮ. ಗದರಿಕೆ ಏನೋ ಜೋರಾಗಿಯೇ ಇತ್ತು, ಆದರೆ ಅದರ ಹಿಂದೆ ಉಸ್ಸಪ್ಪಾ ಅಂತ ಬಿಟ್ಟ ಉಸಿರು ನನಗೆ ಕೇಳಿಸಿತು. "ನಾಳೆ ನರ್ಸಮ್ಮ ಬರ್ತಾರೆ. ನೀನೇ ಅವರ ಹತ್ರ ಹೇಳಿ ಕ್ಷಮೆ ಕೇಳ್ಬೇಕು. ಗೊತ್ತಾಯ್ತಾ?"

ಅವಳು ತಲೆಯಾಡಿಸಿ ಕೂತು ಲೆಕ್ಕ ಮಾಡತೊಡಗಿದಳು. ಹೇಳಲು ನಾಚಿಕೆಯಾಗುತ್ತದೆ, ಆಗ ನನಗೆ ಆದದ್ದು ಸಿಟ್ಟಲ್ಲ, ಹೆಮ್ಮೆ. ನಮ್ಮ ಮನೆಯ ಹುಡುಗಿ ಅಂದರೆ ಹೀಗಿರಬೇಕು ಅಂದುಕೊಂಡೆ.

ಮಕ್ಕಳನ್ನು ಮನೆಗೆ ಬಿಡಲು ಹೊರಟಾಗ ದಾರಿಯಲ್ಲಿ ಅವಳ ಗಲ್ಲ ಹಿಂಡಿದೆ. ನೆಂಟರು ನನ್ನ ಗಲ್ಲ ಹಿಂಡುತ್ತಿದ್ದ ಹಾಗೆಯೇ.

"ಥೇಟ್ ನನ್ನ ಥರಾನೇ ಕಣೆ ನೀನು. ಅಪ್ಪನ ಮೇಲೆ ಅಷ್ಟು ಪ್ರೀತಿನಾ?"

ಅವಳು ಸ್ವಲ್ಪ ಯೋಚಿಸಿದಳು. ಅವಳದು ಯಾವತ್ತೂ ಯೋಚಿಸಿಯೇ ಉತ್ತರ.

"ಪ್ರೀತಿ ಅಂತ ಅಲ್ಲ ಅತ್ತೆ. ಅಪ್ಪ ಕೂಗೋಕೆ ಶುರು ಮಾಡಿದ್ರೆ ನನಗೆ ಹೊಟ್ಟೆ ಕಿವುಚಿದ ಹಾಗೆ ಆಗುತ್ತೆ. ನಾನೇ ಅಂದ್ಬಿಟ್ರೆ ಬೇಗ ಮುಗಿಯುತ್ತೆ."

"ನಿನಗೆ ಗೊತ್ತಿತ್ತಾ, ಯಾರು ಎಳೆದಿದ್ದು ಅಂತ?"

"ಅಪ್ಪ. ನಾನು ನೋಡ್ದೆ. ನೀವೂ ನೋಡಿದ್ರಲ್ಲ." ಗುಂಡನ ಕೈ ಹಿಡಿದು ಅವನನ್ನು ರಸ್ತೆಯ ಒಳಬದಿಗೆ ಎಳೆದುಕೊಂಡಳು. "ನೀವು ಸುಮ್ಮನೆ ಇದ್ರಿ. ಅದಕ್ಕೆ ನಾನೇ ಹೇಳ್ಬೇಕೇನೋ ಅಂದ್ಕೊಂಡೆ. ಅತ್ತೆ, ನರ್ಸಮ್ಮ ತುಂಬಾ ಬೈತಾರಾ?"

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಆ ಹೊಟ್ಟೆ ಕಿವುಚುವುದು ನನಗೆ ಚೆನ್ನಾಗಿ ಗೊತ್ತು. ಅಪ್ಪ ಗಂಟಲು ಸರಿಮಾಡಿಕೊಂಡರೆ ಸಾಕು, ನನಗೂ ಹಾಗೇ ಆಗುತ್ತಿತ್ತು. ಅದನ್ನು ಮರೆತು, ಅದರ ಮೇಲೆ ತ್ಯಾಗ, ಪ್ರೀತಿ ಅಂತ ಬಣ್ಣ ಬಳಿದು, ನೆಂಟರ ಮುಂದೆ ಜಂಭ ಕೊಚ್ಚಿಕೊಂಡು ಇಷ್ಟು ವರ್ಷ ಕಳೆದಿದ್ದೆ. ಸಾಲದು ಅಂತ ಅನ್ನದ ಜೊತೆ ಕಲಸಿ ಈ ಮಗುವಿಗೂ ತಿನ್ನಿಸಿದ್ದೆ. ಅವಳನ್ನು ಬಾಗಿಲವರೆಗೆ ಬಿಟ್ಟು, ಒಳಗೆ ಹೋಗಲು ಧೈರ್ಯ ಸಾಲದೆ ಹಾಗೆಯೇ ವಾಪಸ್ ಬಂದೆ.

ಮಾರನೆಯ ದಿನ ನರ್ಸಮ್ಮ ಬರುವುದಕ್ಕೆ ಮೊದಲೇ ತಮ್ಮನನ್ನು ಹಿಡಿದೆ. ಮಕ್ಕಳು ಹೊರಗೆ ಮೆಟ್ಟಿಲ ಮೇಲಿದ್ದರು.

"ನೀನೇ ಎಳೆದಿದ್ದು, ನಾನು ನೋಡಿದೀನಿ" ಅಂದೆ.

ಅವನು ಅಳತೆ ಪಟ್ಟಿಯನ್ನು ಮರದ ಮೇಲಿಟ್ಟು ಗೆರೆ ಹಾಕುತ್ತಲೇ ಇದ್ದ. "ಮಕ್ಕಳು ಮಾಡಿದ್ದು ಅಂದ್ರೆ ಯಾರೂ ಜಾಸ್ತಿ ಬೈಯಲ್ಲ ಅಕ್ಕ. ನಾನು ಅಂದ್ರೆ ಅಂಗಡಿ ಹೆಸರು ಹೋಗುತ್ತೆ. ಅವಳೇನು ಅತ್ಲಾ? ಕರೆದ್ಲಾ?"

"ಅವಳು ಅಳಲಿಲ್ಲ, ಅದೇ ನನಗೆ ಭಯ."

"ನೀನೂ ಹೀಗೇ ಅಲ್ವಾ ಮಾಡ್ತಿದ್ದಿದ್ದು? ನಮಗೇನಾಯ್ತು ಹೇಳು, ಇಬ್ರೂ ಚೆನ್ನಾಗೇ ಬೆಳೆದ್ವಲ್ಲ."

ಬೇರೆ ಯಾರಾದರೂ ಆಗಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಇವನ ಮುಂದೆ ನನ್ನ ನಾಲಿಗೆ ಹೊರಳಲಿಲ್ಲ. ಚೆನ್ನಾಗಿ ಬೆಳೆದಿದ್ದೇವೆ ಅನ್ನುವವನ ಮುಖವನ್ನು ನೋಡುತ್ತ ನಿಂತೆ. ನಲವತ್ತು ದಾಟಿದ ಗಂಡಸು ಹತ್ತು ವರ್ಷದ ಮಗಳ ಹಿಂದೆ ಅವಿತುಕೊಂಡಿದ್ದಾನೆ, ಅವನನ್ನು ಹೀಗೆ ಬೆಳೆಸಿದವಳು ನಾನು. ಈ ತಪ್ಪಿನಲ್ಲಿ ನಮ್ಮಪ್ಪನ ಪಾಲು ಅಪ್ಪನದ್ದು. ಆದರೆ ತಮ್ಮ ಆಡಬೇಕಾದ ಮಾತನ್ನೆಲ್ಲ ಕಸಿದುಕೊಂಡು ನಾನೇ ಹೇಳಿಬಿಟ್ಟರೆ, ಅವನು ಹೇಳಲು ಕಲಿಯುವುದಾದರೂ ಯಾವಾಗ?

ಅಷ್ಟರಲ್ಲಿ ನರ್ಸಮ್ಮ ಬಂದರು. ಕೆಲಸ ಮುಗಿಸಿ ನೇರ ಬಂದಿದ್ದರು, ಕಣ್ಣಲ್ಲಿ ನಿದ್ದೆ ತೂಗುತ್ತಿತ್ತು. ಅವರನ್ನು ಕಂಡ ಪುಟ್ಟಜ್ಜಿ ಯಾರೂ ಕರೆಯದೆಯೇ ಒಳಗೆ ಬಂದು ಮೇಜಿನ ಪಕ್ಕ ನಿಂತಳು. ಹಿಂದೆಯೇ ಗುಂಡ. ತಮ್ಮ ಫೋಟೊವನ್ನೂ ಗಾಜನ್ನೂ ಹೊರಗೆ ತೆಗೆದಿಟ್ಟ. ನರ್ಸಮ್ಮ ಅದನ್ನು ನೋಡಿದರು, ತಲೆಯೆತ್ತಿ ನಮ್ಮನ್ನು ನೋಡಿದರು.

"ಇದು ಹೇಗಾಯ್ತು?"

ಅವರು ಕೂಗಲಿಲ್ಲ. ಮೆಲ್ಲಗೇ ಕೇಳಿದರು. ತಮ್ಮ ನೋಡಿದ್ದು ಮಗಳ ಕಡೆ ಅಲ್ಲ. ನನ್ನ ಕಡೆ. ಅದೇ ಹಳೆಯ ನೋಟ, ಗಡಿಯಾರ ಬಿದ್ದ ದಿನದ್ದು.

"ನಾನೇ."

ಹೇಳಿದ್ದು ಯಾರು ಅಂತ ನನಗೇ ಒಂದು ಕ್ಷಣ ತಿಳಿಯಲಿಲ್ಲ. ನಾನೂ ಹೇಳಿದ್ದೆ, ಪುಟ್ಟಜ್ಜಿಯೂ ಹೇಳಿದ್ದಳು. ಶಾಲೆಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಇಬ್ಬರದೂ ಒಂದೇ ಉಸಿರಿನಲ್ಲಿ ಬಂತು. ರಾತ್ರಿಯೆಲ್ಲ ಪಶ್ಚಾತ್ತಾಪ ಪಟ್ಟ ನನ್ನ ಬಾಯಿಂದಲೂ ಅದೇ ಮಾತು.

ನರ್ಸಮ್ಮ ಕಕ್ಕಾಬಿಕ್ಕಿಯಾದರು. "ಇಬ್ರೂ ಸೇರಿ ಎಳೆದ್ರಾ?"

ಆ ಹೊತ್ತಿನಲ್ಲಿ ಭೂಮಿ ಬಾಯಿಬಿಟ್ಟಿದ್ದರೆ ಖುಷಿಯಿಂದ ಒಳಗೆ ಹೋಗುತ್ತಿದ್ದೆ. ಪುಟ್ಟಜ್ಜಿ ಅಂಗೈಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಕೈಯನ್ನು ಹಿಡಿದುಕೊಂಡೆ.

"ಇಲ್ಲಮ್ಮ. ನಾನಲ್ಲ. ಈ ಮಗೂನೂ ಅಲ್ಲ."

ಅಲ್ಲಿಗೆ ಬಾಯಿ ಮುಚ್ಚಿದೆ. ಯಾರು ಅನ್ನುವುದನ್ನೂ ನಾನೇ ಹೇಳಿಬಿಟ್ಟರೆ ಮತ್ತೆ ಅವನ ಮಾತು ನಾನು ಆಡಿದ ಹಾಗೆಯೇ ಅಲ್ಲವೇ? ತಮ್ಮ ನನ್ನನ್ನು ನೋಡಿದ, ಮಗಳನ್ನು ನೋಡಿದ, ನೋಡಲು ಇನ್ನು ಯಾರೂ ಉಳಿದಿರಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಅಷ್ಟು ಹೊತ್ತು ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆವತ್ತೇ ಗೊತ್ತಾಗಿದ್ದು.

"ನಾನಮ್ಮ" ಅಂದ ಕೊನೆಗೆ. ಗಂಟಲು ಅಪ್ಪನದಾಗಿರಲಿಲ್ಲ. "ಫೋನಲ್ಲಿ ಮಾತಾಡ್ತಾ ಎಳೆದ್ಬಿಟ್ಟೆ. ಎಳೀಬಾರದು ಅಂತ ಗೊತ್ತಿತ್ತು. ಆಮೇಲೆ ಮಗಳ ಮೇಲೆ ಹಾಕ್ದೆ."

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. "ಅಮ್ಮನದು ಇದೊಂದೇ ಇದ್ದಿದ್ದು" ಅಂದರು. ಫೋಟೊ ಕೈಗೆತ್ತಿಕೊಂಡು, "ಆ ಗಾಜನ್ನೂ ಕೊಡಿ" ಅಂದರು. ತಮ್ಮ ಗಾಜಿನ ಅಂಚು ಕೈಗೆ ತಾಗದ ಹಾಗೆ ರಟ್ಟಿನಲ್ಲಿ ಸುತ್ತಿಕೊಟ್ಟ. ಅವರು ಪುಟ್ಟಜ್ಜಿಯ ತಲೆ ಸವರಿ ಹೊರಟುಹೋದರು.

ತಮ್ಮ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಇಷ್ಟೂ ಹೊತ್ತು ಪಿಳಿಪಿಳಿ ನೋಡುತ್ತಿದ್ದ ಗುಂಡ ಅವನ ಮೊಣಕಾಲು ಅಲುಗಿಸಿದ.

"ಅಪ್ಪಾ, ನಿಮ್ಮಕ್ಕ ಇಲ್ಲೇ ಇದ್ರಲ್ಲ. ಮತ್ತೆ ನೀವ್ಯಾಕೆ ಹೇಳಿದ್ರಿ?"

ಹುಡುಗನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅಕ್ಕ ಇರುವುದೇ ಅದಕ್ಕೆ ಅಂತ ಅವನು ತಿಳಿದಿದ್ದ. ತಮ್ಮ ಮುಖದಿಂದ ಕೈ ತೆಗೆದ. ಮಗನನ್ನು ಎಳೆದು ಅಪ್ಪಿಕೊಂಡು ಅತ್ತ.

ಅಪ್ಪ ಅಳುವುದನ್ನು ಕಂಡು ಪುಟ್ಟಜ್ಜಿಯ ಬೆರಳುಗಳು ನನ್ನ ಕೈಯೊಳಗೆ ಬಿಗಿಯಾದವು. ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು.

"ಅತ್ತೆ, ನಾನು ನಿಮಗಿಂತ ಮೊದಲೇ ಹೇಳಿದ್ದಿದ್ರೆ ಅಪ್ಪ ಅಳ್ತಿರ್ಲಿಲ್ಲ. ನಂದೇ ತಪ್ಪು, ಅಲ್ವಾ?"

ಅಲ್ಲ ಕಣೆ, ಅಲ್ಲ, ಅಲ್ಲ ಅಂದೆ. ಅವಳು ನನ್ನನ್ನು ಸಮಾಧಾನ ಮಾಡಲೆಂದು ಹೂಂ ಅಂದಳು.