ಎಂಟನೇ ಸಂಖ್ಯೆಯ ಒದ್ದೆ ಅಂಗಿ

ಗೆರೆ ಎಳೆಯುವ ಗಾಡಿಯ ಚಕ್ರ ಮತ್ತೆ ಕಿರುಗುಟ್ಟುತ್ತಿದೆ, ನಿನ್ನೆಯಷ್ಟೇ ಎಣ್ಣೆ ಬಿಟ್ಟಿದ್ದೆ, ಹಾಲು ಕರೆಯುವ ಯಂತ್ರಕ್ಕೆ ಹಾಕುವ ಅದೇ ಎಣ್ಣೆ, ಆದರೂ ಎರಡು ಹೆಜ್ಜೆಗೊಮ್ಮೆ ಕಿರ್ರೆನ್ನುತ್ತದೆ, ಇರಲಿ, ಇಬ್ಬನಿಯ ಹುಲ್ಲಿನ ಮೇಲೆ ಸುಣ್ಣ ಸರಿಯಾಗಿ ಬೀಳುತ್ತಿದೆ, ಇದು ನಡುಗೆರೆ, ಮಧ್ಯಾಹ್ನ ಮೂರಕ್ಕೆ ಟಾಮ್ಮೊ ನಿಲ್ಲುವುದು ಇದರ ಮೇಲೆಯೇ — ಹದಿನೇಳು ವರ್ಷ ದೊಡ್ಡ ದೊಡ್ಡ ಫುಟ್‌ಬಾಲ್ ಮೈದಾನಗಳ ನಡುಭಾಗದಲ್ಲಿ ಓಡಿ ಸವೆದ ಕಾಲುಗಳನ್ನು ತಂದು ನಮ್ಮೂರಿನ ಹುಲ್ಲಿನ ಮೇಲೆ ಕೊನೆಯ ಸಲ ಇಡುತ್ತಾನೆ, ಹುಲ್ಲು ಕತ್ತರಿಸಿದವನು ನಾನು, ಬಲೆ ಕಟ್ಟಿದವನು ನಾನು, ಮೂಲೆಯ ಬಾವುಟಗಳನ್ನು ನೆಟ್ಟವನು ನಾನು, ಚಪ್ಪಾಳೆ ಮಾತ್ರ ಅವನಿಗೆ. ಏನಯ್ಯಾ ಹಾರ್ಮ್, ಗೆರೆ ನಿಮ್ಮ ಗಬ್ಬದ ಹಸು ನಡೆದ ಹಾಗಿದೆಯಲ್ಲ, ಬೆಳಗ್ಗೆ ಬೆಳಗ್ಗೆನೇ ಏರಿಸಿದೀಯಾ ಹೇಗೆ, ಎನ್ನುತ್ತಾನೆ ಓನೊ, ಕ್ಲಬ್ಬಿನ ಬಾಗಿಲಲ್ಲಿ ಸಾಸೇಜ್ ಸುಡುವ ಜಾಲರಿ ಉಜ್ಜುತ್ತ, ನೀನು ಸುಡೋದು ನೋಡ್ಕೋ, ಹೋದ ವರ್ಷ ಊರಿಗೆಲ್ಲ ಇದ್ದಿಲು ತಿನ್ನಿಸಿದೋನು, ಎನ್ನುತ್ತೇನೆ, ನಗುತ್ತಾನೆ, ನಾನೂ ನಗುತ್ತೇನೆ, ಆದರೆ ಗೆರೆ ನಿಜಕ್ಕೂ ಸೊಟ್ಟ, ಕಣ್ಣು ಗೆರೆಯ ಮೇಲಿಲ್ಲ, ಕ್ಲಬ್ಬಿನ ಕಿಟಕಿಯ ಮೇಲಿದೆ, ಅದರೊಳಗೆ ಮೇಜಿಗೆ ಒರಗಿಸಿಟ್ಟಿದ್ದಾರೆ ಅದನ್ನು, ಗಾಜಿನ ಚೌಕಟ್ಟು ಹಾಕಿಸಿ, ಟಾಮ್ಮೊ ಪಟ್ಟಣಕ್ಕೆ ಆಯ್ಕೆಯಾದ ದಿನದ ಎಂಟನೇ ಸಂಖ್ಯೆಯ ಹಸಿರು ಅಂಗಿ, ಅರ್ಧ ಆಟ ಮುಗಿದಾಗ ನೀನೇ ಅವನ ಕೈಗೆ ಕೊಡಬೇಕು ಹಾರ್ಮ್, ಜೊತೆಗೆ ಆಡಿದೋನು ನೀನು, ಮೈಕಿನಲ್ಲಿ ಎರಡು ಮಾತು ಹೇಳಿಬಿಡು, ಅಂದಿದ್ದರು ಅಧ್ಯಕ್ಷರು. ಎರಡೇ ಮಾತು. ಇಪ್ಪತ್ತು ವರ್ಷದಿಂದ ಬಾಯಲ್ಲಿಟ್ಟುಕೊಂಡಿರುವುದೂ ಎರಡೇ ಮಾತು, ಈ ಅಂಗಿ ನನ್ನದು, ಇವತ್ತು ಹೇಳುತ್ತೇನೆ, ಊರೆಲ್ಲ ಕೇಳಲಿ.

ನನ್ನದೇ. ನಮ್ಮ ಕ್ಲಬ್ಬಿನಲ್ಲಿ ಅಂಗಿ ಒಗೆಯುವುದು ಸರದಿಯ ಕೆಲಸ, ಆಟ ಮುಗಿದ ಮೇಲೆ ಹದಿನಾಲ್ಕು ಅಂಗಿಯ ಚೀಲ ವಾರಕ್ಕೊಂದು ಮನೆಗೆ ಹೋಗುತ್ತದೆ, ಆ ನವೆಂಬರ್ ವಾರ ನಮ್ಮ ಮನೆಯ ಸರದಿ, ಸಮುದ್ರದ ಒಡ್ಡಿನಿಂದ ಎದ್ದ ಮಂಜು ನಾಲ್ಕು ದಿನ ಕದಲಲಿಲ್ಲ, ಹೊರಗೆ ಹಗ್ಗದ ಮೇಲೆ ಹಾಕಿದ್ದು ಒಣಗುವ ಮಾತೇ ಇಲ್ಲ, ಅಮ್ಮ ಅಡುಗೆಮನೆಯ ಒಲೆಯ ಸುತ್ತ ಅಂಗಿ ಹರಡಿದ್ದಳು, ಹದಿಮೂರು ಒಣಗಿದವು, ಒಂದು ಮಾತ್ರ ಒಗೆಯುವ ತೊಟ್ಟಿಯ ತಳಕ್ಕೆ ಅಂಟಿಕೊಂಡು ಉಳಿದುಬಿಟ್ಟಿತ್ತು, ಭಾನುವಾರ ಬೆಳಗ್ಗೆ ಎತ್ತಿದಾಗ ನೀರು ತೊಟ್ಟಿಕ್ಕುತ್ತಿತ್ತು, ಅದೇ ನನ್ನ ಎಂಟು. ಅಯ್ಯೋ ಮಗನೇ, ನನ್ನ ಕಣ್ಣಿಗೆ ಏನಾಗಿತ್ತೋ, ಅಂದಳು. ನಾನು ಹಾಕಲ್ಲ, ಅಂದೆ, ಹದಿನಾರು ವರ್ಷ ನನಗೆ, ತಂಡದ ನಾಯಕ ಬೇರೆ, ಚಳಿಯಲ್ಲಿ ಒದ್ದೆ ಅಂಗಿ ಯಾರು ಹಾಕುತ್ತಾರೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಅದನ್ನು ಬೆಂಚಿನ ಮೇಲೆ ಎಸೆದು ಟಾಮ್ಮೊನ ಆರನ್ನು ಎತ್ತಿಕೊಂಡೆ, ಬೆಚ್ಚಗಿತ್ತು, ಒಲೆಯ ವಾಸನೆ. ಅವನು ಪಕ್ಕದ ಹಟ್ಟಿಯ ಹುಡುಗ, ಮೂರನೇ ವಯಸ್ಸಿನಿಂದ ಒಟ್ಟಿಗೇ ಆಡಿದವನು, ಬೆಂಚಿನ ಮೇಲಿದ್ದುದನ್ನು ಹಿಂಡಿದ, ಒಂದು ಲೋಟದಷ್ಟು ನೀರು ನೆಲಕ್ಕೆ ಬಿತ್ತು, ನಂಗೇನು ಬಿಡೋ, ಓಡಿದ್ರೆ ಒಣಗುತ್ತೆ, ಅಂದ, ತಲೆಗೆ ತೂರಿಸಿಕೊಂಡ. ಅಷ್ಟೇ ನಡೆದದ್ದು. ಮಂಜಿನಲ್ಲಿ ಬೇಲಿಯ ಆಚೆ ಒಬ್ಬ ನರೆಗಡ್ಡದವನು ನಿಂತಿದ್ದ, ಯಾರೆಂದು ಯಾರೂ ಕೇಳಲಿಲ್ಲ, ಎರಡು ವಾರಕ್ಕೆ ಪಟ್ಟಣದ ದೊಡ್ಡ ಕ್ಲಬ್ಬಿನಿಂದ ಟಾಮ್ಮೊನ ಮನೆಗೆ ಕಾಗದ ಬಂತು, ಆಮೇಲೆ ನಮ್ಮ ತರಬೇತಿಯವರು ತಲೆ ಕೆರೆದುಕೊಳ್ಳುತ್ತ ಹೇಳಿದರು, ವಿಚಿತ್ರ ನೋಡು, ನಾನು ಅವರಿಗೆ ಬರೆದದ್ದು ನಮ್ಮ ಎಂಟನೇ ನಂಬರಿನ ಹುಡುಗನ್ನ ನೋಡಿ ಅಂತ.

ಅಂದು ಎದೆಯಲ್ಲಿ ಮುರಿದ ಮುಳ್ಳು ಇನ್ನೂ ಅಲ್ಲೇ ಕೂತಿದೆ, ಯಾರಿಗೂ ಹೇಳಿರಲಿಲ್ಲ, ಮದುವೆಯಾದ ಮೇಲೆ ಹೆಂಡತಿ ಗೇಷೆಗೆ ಒಬ್ಬಳಿಗೆ ಹೇಳಿದೆ, ಅವರು ಅಂಗಿ ನೋಡಿ ಆರಿಸಿದ್ದು, ಅಂದೆ, ಅವಳು ಕರುವಿಗೆ ಹಾಲು ಕುಡಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ, ಹಾಗಾದ್ರೆ ಅಂಗಿನೇ ಕರ್ಕೊಂಡು ಹೋಗ್ತಿದ್ರು ಬಿಡಿ, ಹುಡುಗನ್ಯಾಕೆ ಕರ್ಕೊಂಡು ಹೋದ್ರು, ಅಂದಳು. ಹೆಂಗಸರಿಗೆ ಆಟದ ವಿಷಯ ಏನು ಗೊತ್ತು ಎಂದುಕೊಂಡು ಹಾಲಿನ ಬಕೆಟ್ ಎತ್ತಿಕೊಂಡು ಹೋದೆ, ಆದರೆ ಲೆಕ್ಕ ಬಿಡಲಿಲ್ಲ, ಅವನ ಪಂದ್ಯಗಳನ್ನು ಅವನ ಅಮ್ಮನಿಗಿಂತ ಚೆನ್ನಾಗಿ ಬಲ್ಲವನು ನಾನು, ನಾನೂರ ಹನ್ನೆರಡು ಆಟ, ಹನ್ನೊಂದೇ ಗೋಲು, ನಡುಭಾಗದವನಿಗೆ ಗೋಲು ಯಾಕೆ ಎನ್ನುತ್ತಾರೆ ಟಿವಿಯಲ್ಲಿ, ಚೆಂಡು ಕಸಿದು ಕೊಡುವವನು, ತಂಡದ ಬೆನ್ನುಮೂಳೆ, ಎಂದೆಲ್ಲ ಹೊಗಳುತ್ತಾರೆ, ಬೆನ್ನುಮೂಳೆಯಂತೆ, ನನ್ನ ಬೆನ್ನುಮೂಳೆಯ ಕಥೆ ಕೇಳುವವರು ಯಾರು, ದಿನಕ್ಕೆರಡು ಸಲ ಅರವತ್ತು ಹಸುವಿನ ಕೆಳಗೆ ಬಗ್ಗಿದ್ದು. ದೇಶದ ಅಂಗಿ ಹಾಕಿ ಒಮ್ಮೆ ಆಡಿದ, ಹನ್ನೊಂದು ನಿಮಿಷ, ಯಾವುದೋ ಪುಟ್ಟ ದ್ವೀಪದ ಎದುರು, ಊರಲ್ಲಿ ಪಟಾಕಿ ಹೊಡೆದರು, ನನ್ನ ಎರಡು ಹಸು ಹೆದರಿ ಹಾಲು ಬಿಡಲಿಲ್ಲ. ಮೊಣಕಾಲು ಮುರಿದುಕೊಂಡು ಒಂದೂವರೆ ವರ್ಷ ಬಿದ್ದಿದ್ದ, ಆಗ ಅವನ ಅಮ್ಮನಿಗೆ ಕೇಕು ತೆಗೆದುಕೊಂಡು ಹೋಗಿ ಕೊಟ್ಟೆ, ಪಾಪ ಅಂದೆ, ವಾಪಸು ಬರುವಾಗ ಸೈಕಲ್ಲಿನ ಮೇಲೆ ಸಿಳ್ಳೆ ಹಾಕುತ್ತಿದ್ದೆ, ಸಿಳ್ಳೆ ನನ್ನದೇ ಎಂದು ಕಾಲುವೆಯ ಸೇತುವೆ ದಾಟಿದ ಮೇಲೆ ಗೊತ್ತಾಯಿತು. ಲೀಗಿನ ಕೊನೆಯ ದಿನ ಅವನ ಪೆನಾಲ್ಟಿ ಕಂಬಕ್ಕೆ ಬಡಿದು ತಂಡ ಕೆಳಗಿನ ದರ್ಜೆಗೆ ಇಳಿದಾಗ ಕೊಟ್ಟಿಗೆಯಲ್ಲಿ ರೇಡಿಯೊ ಹಾಕಿದ್ದೆ, ಬಕೆಟ್ಟಿಗೆ ಕಾಲಲ್ಲಿ ಒದ್ದೆ, ಕುಣಿದೆ, ಆಮೇಲೆ ಗೋಡೆಗೆ ಒರಗಿ ಅತ್ತೆ, ಯಾಕೆ ಅತ್ತೆ ಎಂದು ಇವತ್ತಿಗೂ ಗೊತ್ತಿಲ್ಲ. ಅಮ್ಮ, ನನ್ನ ಸ್ವಂತ ಅಮ್ಮ, ಅವನ ಸುದ್ದಿ ಬಂದ ಪತ್ರಿಕೆಯ ಚೂರುಗಳನ್ನು ಚಹಾದ ಡಬ್ಬಿಯಲ್ಲಿ ಇಡುತ್ತಾಳೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ, ಈಗ ಮನೆಗೆ ಹೋದರೆ ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಸುರಿಯುತ್ತಾಳೆ, ಸಕ್ಕರೆ ಚಟಚಟ ಎನ್ನುತ್ತದೆ, ಮೂರು ಲೋಟ ಕುಡಿಯದೆ ಏಳುವಂತಿಲ್ಲ, ಮೂರನೆಯದಕ್ಕೆ ಕೇಳುತ್ತಾಳೆ, ಟಾಮ್ಮೊ ಸಣ್ಣಗಾಗಿದಾನಂತೆ, ಹೌದೇನೋ?

ಮೊಯಿನ್, ಎನ್ನುತ್ತದೆ ಒಂದು ಮುದಿ ದನಿ, ಬೇಲಿಯ ಕಬ್ಬಿಣದ ಮೇಲೆ ಕೋಲು ನೇತುಹಾಕಿ ಒಬ್ಬರು ನಿಂತಿದ್ದಾರೆ, ಗಡ್ಡ ಪೂರ್ತಿ ಬಿಳಿ, ಮೊಯಿನ್, ಎಂದು ನಾನೂ ನಮಸ್ಕರಿಸುತ್ತೇನೆ, ಆಟ ಮೂರಕ್ಕೆ, ಬೇಗ ಬಂದಿರಿ, ಗೊತ್ತಪ್ಪಾ, ಎನ್ನುತ್ತಾರೆ ಅವರು, ಬಸ್ಸು ಇರೋದೇ ಇದೊಂದು, ನಾನು ರೋಲ್ಫೆಸ್ ಅಂತ, ಆ ಹುಡುಗನ್ನ ಪಟ್ಟಣಕ್ಕೆ ಕರ್ಕೊಂಡು ಹೋದೋನು. ಗಾಡಿ ನಿಂತಿತು, ನಾನು ನಿಲ್ಲಿಸಿದೆನೋ ಅದೇ ನಿಂತಿತೋ, ಸುಣ್ಣ ಒಂದೇ ಕಡೆ ಗುಡ್ಡೆಯಾಗುತ್ತಿದೆ, ಈಗ ಕೇಳಬೇಕು, ಸಾಕ್ಷಿಯೇ ಕಾಲಲ್ಲಿ ನಡೆದು ಬಂದಿದೆ. ಎಂಟನೇ ನಂಬರ್ ನೋಡೋಕೆ ಬಂದಿದ್ರಲ್ವಾ ನೀವು, ಎಂದೆ, ದನಿ ಸರಾಗವಾಗಿಯೇ ಇತ್ತು. ಅವರು ನಕ್ಕರು, ಬರೋದೇನೋ ಎಂಟನ್ನ ನೋಡೋಕೇ ಬಂದೆ, ನಂಬರ್ ಎಲ್ಲಿ ಕಾಣ್ಬೇಕು, ನಿಮ್ಮೂರಿನ ಮಂಜು ಗೊತ್ತಲ್ಲ ನಿಂಗೆ, ಅಂಗಿ ಹಸಿರೋ ಕಪ್ಪೋ ಅಂತ್ಲೂ ತಿಳೀಲಿಲ್ಲ, ವಾಪಸ್ ಹೋಗೋಣ ಅಂತಿದ್ದೆ, ಆಗ ಕಾಣಿಸ್ತು, ಒಂದು ತಲೆ, ಚೆಂಡು ಹತ್ರ ಬರೋಕೆ ಮುಂಚೆನೇ ಕತ್ತು ತಿರುಗಿಸಿ ಹಿಂದೆ ನೋಡ್ತಿತ್ತು, ಪ್ರತಿ ಸಲವೂ, ಅದನ್ನ ಯಾರೂ ಹೇಳ್ಕೊಡೋಕಾಗಲ್ಲ, ಯಾರ ಮನೆ ಹುಡುಗ ಅಂತ ಬಸ್ಸಲ್ಲಿ ಕೂತ್ಮೇಲೆ, ಆಟ ನೋಡಿದ್ದ ಡ್ರೈವರನ್ನ ಕೇಳಿ ತಿಳ್ಕೊಂಡೆ. ಚೆಂಡು ಕೊಡ್ತಿದ್ದನಲ್ಲ ಅವನಿಗೆ, ಇನ್ನೊಬ್ಬ ಹುಡುಗ, ಆರು ಹಾಕಿದ್ದ, ಎಂದೆ, ಅವರು ಕಣ್ಣು ಕಿರಿದು ಮಾಡಿ ಮೈದಾನವನ್ನು ನೋಡಿದರು, ಒಳ್ಳೆ ಮನಸ್ಸಿನಿಂದ ಹುಡುಕಿದರು, ಇದ್ನಾ, ನೆನಪಾಗ್ತಿಲ್ಲ ಕಣಪ್ಪಾ, ಯಾಕೆ, ನಿಮ್ಮೋರಾ?

ನಿಮ್ಮೋರಾ, ನಿಮ್ಮೋರಾ, ಎನ್ನುತ್ತ ಚಕ್ರ ಉಳಿದ ಗೆರೆ ಮುಗಿಸಿತು, ಚಹಾ ಕುಡಿದೆ, ಮೂರು ಲೋಟ, ಏನು ಮಾತಾಡಿದೆನೋ, ಜನ ಬಂದರು, ಟ್ರ್ಯಾಕ್ಟರಿನಲ್ಲಿ, ಸೈಕಲ್ಲಿನಲ್ಲಿ, ಓನೊನ ಹೊಗೆ ಎದ್ದಿತು, ಟಾಮ್ಮೊ ಬಂದ, ನಿಜಕ್ಕೂ ಸಣ್ಣಗಾಗಿದ್ದಾನೆ, ಕುಂಟುತ್ತಾನೆ, ಆದರೂ ಚೆಂಡು ಬರುವ ಮುಂಚೆ — ಇವತ್ತೇ ಮೊದಲ ಸಲ ಗಮನಿಸಿದೆ, ನಾನೂರ ಹನ್ನೆರಡು ಆಟ ಎಣಿಸಿದವನು ಗೋಲು ನೋಡಿದೆ, ಕಾಲು ನೋಡಿದೆ, ಅಂಗಿ ನೋಡಿದೆ, ಕತ್ತು ನೋಡಲಿಲ್ಲ. ಈಗ ಅರ್ಧ ಆಟ, ನಡುಗೆರೆಯಲ್ಲಿ ನನ್ನದೇ ಸುಣ್ಣದ ಗುಡ್ಡೆಯ ಪಕ್ಕದಲ್ಲಿ ನಿಂತಿದ್ದೇನೆ, ಕೈಯಲ್ಲಿ ಗಾಜಿನ ಚೌಕಟ್ಟು, ಬಾಯಿಗೆ ಮೈಕು, ಎರಡು ಮಾತು, ಈ ಅಂಗಿ, ಎಂದೆ, ಮೈಕು ನನ್ನ ದನಿಯನ್ನು ಒಡ್ಡಿನ ತನಕ ಒಯ್ದು ತಂದಿತು, ಈ ಅಂಗಿ, ಗೇಷೆ ನೋಡುತ್ತಿದ್ದಾಳೆ, ಅಮ್ಮ ಕೈಚೀಲ ಎದೆಗವಚಿ ನಿಂತಿದ್ದಾಳೆ, ಟಾಮ್ಮೊ ಹತ್ತಿರ ಬಂದ, ಬೆವರಿನ ಬಿಸಿ ತಾಗಿತು, ಮೈಕಿಗೆ ಕೇಳದ ಹಾಗೆ ಬಾಗಿ ಕಿವಿಯಲ್ಲಿ ಅಂದ, ನಿನ್ನ ಅಂಗಿ ಕಣೋ ಹಾರ್ಮ್, ಒಣಗಿತೇನೋ ಕೊನೆಗೂ? ನೆನಪಿದೆ, ಇವನಿಗೆ ಎಲ್ಲ ನೆನಪಿದೆ, ಅಣಕವಲ್ಲ, ಕಣ್ಣು ಅಣಕಿಸುತ್ತಿಲ್ಲ, ಅಣಕಿಸಿದ್ದರೆ ಚೆನ್ನಾಗಿತ್ತು, ಎರಡನೇ ಮಾತು ನಾಲಿಗೆಯ ಮೇಲೆ ಇಲ್ಲ, ಎಲ್ಲಿ ಹೋಯಿತು, ಮಂಜು, ಬರೀ ಮಂಜು, ಅದರೊಳಗೆ ಒಬ್ಬ ಹುಡುಗ, ಒದ್ದೆ ಅಂಗಿಯಿಂದ ಹೆಗಲ ಮೇಲೆ ಹಬೆ ಏಳುತ್ತಿದೆ, ಚೆಂಡು ಬರುತ್ತಿದೆ, ಇನ್ನೂ ಬಂದಿಲ್ಲ, ಅವನು ಕತ್ತು ತಿರುಗಿಸುತ್ತಾನೆ, ಹಿಂದೆ ನೋಡುತ್ತಾನೆ, ಹಿಂದೆ ಇರುವವನು ನಾನು, ಒಣಗಿದ ಅಂಗಿಯ ತೋಳುಗಳೊಳಗೆ ಬೆರಳು ಎಳೆದುಕೊಂಡು ಬೆಚ್ಚಗೆ ನಿಂತಿದ್ದೇನೆ, ಚೆಂಡು ಬರುತ್ತಿದೆ, ಅವನು ಕತ್ತು ತಿರುಗಿಸುತ್ತಾನೆ, ಕತ್ತು ತಿರುಗುತ್ತದೆ —