ಚಿತ್ರವಿಲ್ಲದ ಪುಟಗಳು

ಫೋನಿನಲ್ಲಿ ಮೊದಲು ಕೇಳಿದ್ದು ಬಾಗಿಲು ಮುರಿದ ಸದ್ದು. ಆಮೇಲೆ ಶಿವಶರಣನ ಪಿಸುಮಾತು: "ತಂಗಿ, ಬಂದಾರ. ನಿನ್ನ ಪ್ರೋಗ್ರಾಮ್ ಓಡಸು. ಎಲ್ಲಾ ಇಳಿಸ್ಕೋ. ನಾ ತಡೀತೀನಿ."

ರಂಗಂಪೇಟೆಯ ಮನೆಯಲ್ಲಿ ನಂದಿನಿ ಲ್ಯಾಪ್‌ಟಾಪ್ ತೆರೆದಳು. ಶಿವಶರಣ ಶಹಾಪುರದಲ್ಲಿ ಒಬ್ಬನೇ ಸುದ್ದಿ ವೆಬ್‌ಸೈಟ್ ನಡೆಸುವವನು. ಮೊನ್ನೆ ಶಿರವಾಳದಲ್ಲಿ ಹೊಲಕ್ಕೆ ಕುರಿ ಹೊಕ್ಕವೆಂದು ಅಲ್ಲಿನ ಸಾಹುಕಾರನ ಆಳುಗಳು ಅವಳ ಅಣ್ಣ ಬೀರೇಶನನ್ನು ಕೊಡಲಿಯಿಂದ ಕಡಿದು ಕೊಂದಾಗ, ಓಡದೆ ನಿಂತು ಫೋಟೋ ತೆಗೆದವನು ಅವನು. ಇಂದು ಮುಂಜಾನೆಯಷ್ಟೇ ಅವನ್ನು ವೆಬ್‌ಸೈಟಿಗೆ ಹಾಕಿದ್ದ. ಆ ಪುಟ ತೆರೆಯಲು ನಂದಿನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ಅಜ್ಜಿ ಗುರುಲಿಂಗಮ್ಮ ಅರ್ಧಕ್ಕೆ ಮರೆತ ಕತೆಗಳನ್ನು ಅಂತರ್ಜಾಲದಿಂದ ಹೆಕ್ಕಲು ನಂದಿನಿ ಬರೆದ ಮೊದಲ ಪ್ರೋಗ್ರಾಮ್ ಅದು. ಒಂದು ಲೇಖನ ತೆರೆದು, ಅಕ್ಷರಗಳನ್ನು ಕಡತದಲ್ಲಿಟ್ಟು, ಮುಂದಿನದಕ್ಕೆ ಹೋಗುತ್ತಿತ್ತು. ಅವಳು ಅದನ್ನು ಓಡಿಸಿದಳು. ಕಡತಗಳು ಒಂದರ ಹಿಂದೊಂದು ಬೀಳತೊಡಗಿದವು.

ಶಿವಶರಣನ ಜೇಬಿನಲ್ಲಿ ಫೋನು ಇನ್ನೂ ಚಾಲೂ ಇತ್ತು. ಗಾಜು ಒಡೆಯಿತು. ಏನೋ ಭಾರವಾದದ್ದು ನೆಲಕ್ಕೆ ಬಿತ್ತು.

"ಆತು ನೋಡ್ಲೇ, ಅಳಿಸಿ ಹೋತು ನಿನ್ನ ಸುದ್ದಿ!"

"ಕಂಪ್ಯೂಟರ್ ಡಬ್ಬಿ ಒಡದ್ರ ಸುದ್ದಿ ಸಾಯಂಗಿಲ್ಲೋ, ಮಬ್ಬ," ಶಿವಶರಣ ಅಂದ.

"ಹಂಗಾದ್ರ ವೆಬ್‌ಸೈಟಿನ ಪಾಸ್‌ವರ್ಡ್ ಹೇಳು. ಬೆರಳ ಹಿಡೀರ್ಲೇ ಇವಂದು."

ಕಟ್ಟಿಗೆ ಮುರಿದಂಥ ಸದ್ದು. ಅದರ ಮೇಲೆ ಒಂದು ಚೀತ್ಕಾರ.

ನಂದಿನಿ ಬೀರೇಶನ ಕಡತ ತೆರೆದಳು. ಸುದ್ದಿಯಿತ್ತು, ಊರಿನ ಹೆಸರಿತ್ತು. ಫೋಟೋ ಇರಬೇಕಾದ ಜಾಗ ಬೋಳಾಗಿತ್ತು. ಅಜ್ಜಿಯ ಕತೆಗಳಿಗೆ ಚಿತ್ರಗಳೇ ಇರಲಿಲ್ಲ. ಚಿತ್ರ ತರುವುದನ್ನು ಅವಳು ಪ್ರೋಗ್ರಾಮಿಗೆ ಕಲಿಸಿರಲಿಲ್ಲ. ವೆಬ್‌ಸೈಟಿನ ಪುಟಕ್ಕೆ ಕೈಹಾಕುವಷ್ಟರಲ್ಲಿ ಮತ್ತೊಂದು ಬೆರಳು ಮುರಿಯಿತು.

"ಹೇಳ್ತೀಯೋ, ಕೈನ ತೆಗೀಲೋ?"

"ಬಿಡ್ರಿ ಅವ್ರನ್ನ!" ಅವಳು ಕಿರುಚಿದಳು.

ಅತ್ತ ಫೋನು ಕಿತ್ತುಕೊಂಡ ಸದ್ದು. "ಯಾರಕೀ ಇಕಿ?"

"ನೀವು ಕಡದ್ರಲ್ಲ ಬೀರೇಶ, ಅವನ ತಂಗಿ. ಫೋಟೋ ಎಲ್ಲಾ ನನ್ನ ಹತ್ರ ಅದಾವ. ಅಲ್ಲಿ ಅಳಿಸಿ ಏನ್ ಕಿಸೀತೀರಿ? ಗಂಡಸ್ರಾಗಿದ್ರ ರಂಗಂಪೇಟಿಗೆ ಬರ್ರಿ."

ಅವಳ ಹತ್ತಿರ ಒಂದೂ ಇರಲಿಲ್ಲ.

"ಗಾಡಿ ತೆಗೀರ್ಲೇ!" ಎಂಬ ಕೂಗು, ಒದ್ದ ಸದ್ದು, ಹೆಜ್ಜೆಗಳ ಗದ್ದಲ. ನೆಲಕ್ಕೆ ಬಿದ್ದ ಫೋನಿನ ಹತ್ತಿರ ಶಿವಶರಣ ಏದುಸಿರು ಬಿಟ್ಟ. "ಹುಚ್ಚಿ... ಲಗೂನ ಇಳಿಸ್ಕೋ."

ಗುರುಲಿಂಗಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಅಗಳಿ ಹಾಕಿ, ಕಟ್ಟಿಗೆ ಒಡೆಯುವ ಕೊಡಲಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. "ನನ್ನ ಕಡಿ ನೋಡಬ್ಯಾಡ. ನೀ ನಿನ್ನ ಪ್ರೋಗ್ರಾಮ್ ಬರಿ."

ಹಿಂದಿನ ಸುದ್ದಿಗಳದ್ದೂ ಸೇರಿ ನೂರಾರು ಫೋಟೋ, ಒಂದೊಂದಾಗಿ ಇಳಿಸಲು ಹೊತ್ತಿರಲಿಲ್ಲ. ನಂದಿನಿ ಬರೆದಳು. ಪ್ರತಿ ಪುಟದಲ್ಲಿ ಚಿತ್ರದ ವಿಳಾಸ ಹುಡುಕು, ಇಳಿಸು. ಓಡಿಸಿದಳು, ತಪ್ಪು ತೋರಿಸುವ ಕೆಂಪು ಅಕ್ಷರಗಳು ಬಂದವು. ಒಂದು ಆವರಣ ಚಿಹ್ನೆ ಬಿಟ್ಟುಹೋಗಿತ್ತು. ತಿದ್ದಿ ಮತ್ತೆ ಓಡಿಸಿದಳು.

ಬೀರೇಶನ ಫೋಟೋ ಬಂತು. ಮೇಲೆ ಎತ್ತಿದ ಕೊಡಲಿ, ಕೆಳಗೆ ಅದನ್ನು ತಡೆಯಲು ಹೋಗಿ ಅರ್ಧ ತುಂಡಾದ ಅಣ್ಣನ ಅಂಗೈ. ಕೊಡಲಿ ಹಿಡಿದವನ ಮುಖ ನೇರ ಅವಳನ್ನೇ ನೋಡುತ್ತಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ಬಂಧುಗಳಿಗೆ, ವಕೀಲರಿಗೆ, ಪೊಲೀಸರಿಗೆ, ಕೆಂಭಾವಿ ಸಂತೆಯ ಕುರಿಗಾರರ ಗುಂಪಿಗೆ, ಗೊತ್ತಿದ್ದ ನಂಬರಿಗೆಲ್ಲ ಕಳಿಸಿದಳು.

ಓಣಿಯಲ್ಲಿ ಗಾಡಿ ನಿಂತಿತು. ಬಾಗಿಲಿಗೆ ಮೊದಲ ಒದೆ ಬಿತ್ತು.

"ಹೋದ್ವೇನ, ನಂದೀ?"

"ಎಲ್ಲಾ ಹೋದ್ವು, ಆಯಿ."

ಮುದುಕಿ ಎದ್ದು ಸೆರಗು ಸೊಂಟಕ್ಕೆ ಬಿಗಿದಳು. ಕೊಡಲಿ ಎತ್ತಿದಳು.

"ಹಂಗಾದ್ರ ಅಗಳಿ ತೆಗಿ."